ಟಂಟಂ ಚಂದ್ರಾಮನ ರಕ್ತಸಂಬಂಧ

ಜೇವರ್ಗಿಯಿಂದ ಯಡ್ರಾಮಿಗೆ ಚಂದ್ರಾಮನ ಟಂಟಂ ಹತ್ತುವವರು ಎರಡು ವಿಷಯಕ್ಕೆ ತಯಾರಾಗಿರಬೇಕು. ಒಂದು, ಮೂರು ಗಾಲಿಯ ಆ ಗಾಡಿ ತುಂಬುವವರೆಗೆ ಹೊರಡುವುದಿಲ್ಲ, ತುಂಬಿತೋ ಇಲ್ಲವೋ ಎಂಬುದನ್ನು ಹೇಳುವ ಅಧಿಕಾರ ಅವನೊಬ್ಬನಿಗೇ. ಇನ್ನೊಂದು, ಹೊರಟ ಮೇಲೆ ಅವನಿಗೆ ಇಬ್ಬರು ತಾಯಂದಿರಿರುವ ಕಥೆಯನ್ನು ಕೇಳಲೇಬೇಕು. ನಾನು ಅದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಅವನು ಎಲ್ಲಾದರೂ ತಪ್ಪಿದರೆ ನಾನೇ ತಿದ್ದುತ್ತೇನೆ.

ನಾನು ಗುರುನಾಥ. ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಔಷಧದ ಅಂಗಡಿ ಇದೆ. ಇದೆ ಎಂದು ಹೇಳಬೇಕಾಗುತ್ತದೆ, ಏಕೆಂದರೆ ಟಂಟಂಗಳು ಅದರ ಬಾಗಿಲಿಗೇ ಆತು ನಿಲ್ಲುವುದರಿಂದ ರಸ್ತೆಯಿಂದ ಕಾಣುವುದಿಲ್ಲ. ಗಾಡಿ ತೆಗೆ ಎಂದು ನಾನು ಬೈಯುತ್ತಲೇ ಮುದುಕನಾದೆ, ‘ಈಗ ತಗೀತೇನಿ ಗುರಣ್ಣ’ ಎನ್ನುತ್ತಲೇ ಚಂದ್ರಾಮನಿಗೂ ನಲವತ್ತು ದಾಟಿತು. ಔಷಧ ಮಾರುವವನಿಗೆ ರೋಗದ ಭಾಷೆಯೂ ಬರುತ್ತದೆ ಎಂಬ ಮೂಢನಂಬಿಕೆ ನಮ್ಮೂರಿನಲ್ಲಿದೆ. ಆ ನಂಬಿಕೆಯ ದೆಸೆಯಿಂದ ನಾನು ಹೈದರಾಬಾದಿನವರೆಗೆ ಹೋಗಬೇಕಾಗಿ ಬಂತು, ಅದನ್ನೇ ಇಲ್ಲಿ ಹೇಳುತ್ತಿರುವುದು.

ಮೊದಲು ಆ ಇಬ್ಬರು ತಾಯಂದಿರು. ಚಂದ್ರಾಮನನ್ನು ಹೆತ್ತವಳು ನಿಂಬೆವ್ವ. ಹೆತ್ತ ಮರುದಿನವೇ ಜ್ವರ ಬಂದು ಹಾಸಿಗೆ ಹಿಡಿದಳು, ಎದೆಯ ಹಾಲು ಬತ್ತಿತು. ಒಂದೇ ಗೋಡೆಯ ಆಚೆ ಮನೆಯಲ್ಲಿ ಕರೀಮುನ್ನಿಸಾ ಅದೇ ವಾರ ಮುಜೀಬನನ್ನು ಹೆತ್ತಿದ್ದಳು. ಕೂಸಿನ ಅಳು ಕೇಳಲಾರದೆ ಗೋಡೆಯ ಮೇಲಿಂದ ಕೈ ಚಾಚಿ ಇಸಿದುಕೊಂಡಳಂತೆ. ಮನೆಯ ಹಿರಿಯರು ಎರಡಕ್ಕೆ ಸಾಲುತ್ತದೇನು ಎಂದು ಕೇಳಿದ್ದಕ್ಕೆ, ‘ಎದಿನೂ ಎರಡ ಅದಾವ, ಕೂಸೂ ಎರಡ ಅದಾವ. ದೇವರ ಲೆಕ್ಕ ತಪ್ಪಿಲ್ಲ’ ಎಂದಳಂತೆ. ಒಂದು ಎದೆಯ ಹಾಲು ಕುಡಿದವರು ಅವರ ಪದ್ಧತಿಯಲ್ಲಿ ಅಣ್ಣತಮ್ಮಂದಿರೇ. ಮುಂದೆ ಹುಟ್ಟಿದ ಮಿನಾಜಳ ಮದುವೆಯಲ್ಲಿ ಚಂದ್ರಾಮ ಅಣ್ಣನ ಸ್ಥಾನದಲ್ಲಿ ನಿಂತು ಬೀಗರ ಜೊತೆ ಜಗಳವನ್ನೂ ಆಡಿದ. ಅವರ ಮನೆಯಲ್ಲಿ ಮಾಂಸ ಬೇಯುವ ದಿನ ಅವನಿಗಾಗಿ ಬೇರೆ ಒಲೆಯ ಮೇಲೆ, ಬೇರೆ ಗಡಿಗೆಯಲ್ಲಿ ಪುಂಡಿಪಲ್ಯ ಆಗುತ್ತಿತ್ತು.

ಕರೀಮುನ್ನಿಸಾಗೆ ಇದೆಲ್ಲ ಗಾಳಿ ಬೆಳಕಿನಷ್ಟು ಸಹಜ. ಗೋಡೆಯ ಈಚೆ ನಿಂಬೆವ್ವನಿಗೆ ಮಾತ್ರ ಅದು ಋಣ. ಹಾಲಿನ ಋಣ ತೀರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಹೇಳಿ ಸುಮ್ಮನಾಗುತ್ತಾರೆ. ನಿಂಬೆವ್ವ ಸುಮ್ಮನಾಗುವ ಹೆಂಗಸಲ್ಲ. ಜೋಳ ಬಂದರೆ ಒಂದು ಪುಟ್ಟಿ, ತೊಗರಿ ಬಂದರೆ ಒಂದು ಪುಟ್ಟಿ, ಎಮ್ಮೆ ಈದರೆ ಗಿಣ್ಣ, ಹೀಗೆ ಗೋಡೆ ದಾಟಿಸುತ್ತಲೇ ಇದ್ದಳು. ಆದರೆ ಬಂದ ಪಾತ್ರೆಯನ್ನು ಬರಿದು ಮಾಡಿ ಕಳಿಸಬಾರದು ಎಂಬುದು ಎರಡೂ ಮನೆಯ ಶಾಸ್ತ್ರ. ಪುಟ್ಟಿಗಳು ತುಂಬಿಯೇ ವಾಪಸು ಬರುತ್ತಿದ್ದವು. ಹೀಗಾಗಿ ಋಣ ತೀರುವ ಬದಲು ಹೆಚ್ಚುತ್ತ ಹೋಯಿತು. ಅವಳ ಮನಸ್ಸಿನಲ್ಲಿದ್ದದ್ದು ಒಂದೇ: ಕಣ್ಣು ಮುಚ್ಚುವುದರೊಳಗೆ ಕರೀಮುನ್ನಿಸಾಳ ಕೂಸಿಗೆ ತನ್ನ ಕಡೆಯಿಂದ ಏನಾದರೂ ಸಲ್ಲಬೇಕು, ವಾಪಸು ಕಳಿಸಲಾಗದಂಥದ್ದು.

ಮುಜೀಬ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಟ್ರ್ಯಾಕ್ಟರಿನ ಗಾಲಿ ಒಬ್ಬನೇ ಎತ್ತುತ್ತಿದ್ದವನು ಒಂದು ದಿನ ನಟ್ಟು ತಿರುಗಿಸುವ ಪಾನಾ ಎತ್ತಲಾರದೆ ಕುಳಿತ. ಮೈಮೇಲೆ ಹೊಡೆಸಿಕೊಂಡವರ ಹಾಗೆ ನೀಲಿ ಕಲೆಗಳು. ಕಲಬುರಗಿಯಲ್ಲಿ ರಕ್ತದ ಕ್ಯಾನ್ಸರ್ ಎಂದರು, ಹೈದರಾಬಾದಿಗೆ ಕಳಿಸಿದರು. ಅಲ್ಲಿಯ ಔಷಧಕ್ಕೆ ರೋಗ ಬಗ್ಗಿತು, ಹೋಗಲಿಲ್ಲ. ಒಡಹುಟ್ಟಿದವರಿಂದ ರಕ್ತ ಹುಟ್ಟಿಸುವ ಕಾಂಡಕೋಶ ತೆಗೆದು ಇವನಿಗೆ ಸೇರಿಸಿದರೆ ಬದುಕುವ ದಾರಿಯಿದೆ, ಇಲ್ಲದಿದ್ದರೆ ಹೇಳಲಾಗದು ಎಂದರು. ಅವತ್ತು ಕರೀಮುನ್ನಿಸಾಳ ಜೊತೆ ಚಂದ್ರಾಮ ಹೊರಟ. ‘ಔಷಧದ ಮಾತು ತಿಳಿಯೋರೊಬ್ಬರು ಬೇಕು’ ಎಂದು ನನ್ನನ್ನೂ ಅಂಗಡಿಯಿಂದ ಎಬ್ಬಿಸಿಕೊಂಡು ಹೋದ.

ನಮ್ಮ ಪುಣ್ಯಕ್ಕೆ ಅಲ್ಲಿಯ ಡಾಕ್ಟರ್ ಜಯಮಾಲಾ ಅಫಜಲಪುರ ಕಡೆಯವರು. ‘ನೀವು ಜೇವರ್ಗಿಯವ್ರೇನು? ಕುಂಡ್ರಿ’ ಎಂದು ಕುರ್ಚಿ ತೋರಿಸಿದಾಗ ಕರೀಮುನ್ನಿಸಾಗೆ ಅರ್ಧ ರೋಗ ವಾಸಿಯಾದಷ್ಟು ಸಮಾಧಾನವಾಯಿತು.

‘ಅಮ್ಮಾ, ಮುಜೀಬನ ಬೆನ್ನಿಗೆ ಹುಟ್ಟಿದವ್ರು, ಸ್ವಂತ ಅಣ್ಣತಮ್ಮ, ಅಕ್ಕತಂಗಿ ಎಷ್ಟು ಮಂದಿ ಅದಾರ?’

‘ಇಬ್ಬರು’ ಎಂದಳು ಕರೀಮುನ್ನಿಸಾ. ‘ಮಗಳು ಮಿನಾಜ, ನಿಮ್ಮ ಅಫಜಲಪುರಕ್ಕ ಕೊಟ್ಟೇವಿ. ಮಗ ಚಂದ್ರಾಮ, ಇಲ್ಲೇ ನಿಂತಾನ ನೋಡ್ರಿ, ಟಂಟಂ ಹೊಡೀತಾನ.’

ನಾನು ಬಾಯಿ ತೆರೆದೆ. ಚಂದ್ರಾಮ ನನ್ನ ಕಾಲು ತುಳಿದ. ಡಾಕ್ಟರು ಚಂದ್ರಾಮ ಎಂಬ ಹೆಸರಿಗೆ ಒಂದು ಗಳಿಗೆ ತಡೆದರು, ಆದರೆ ಅವರೂ ನಮ್ಮ ಕಡೆಯವರೇ. ಹಿಂದೂಗಳಲ್ಲಿ ಹುಸೇನಪ್ಪ ಇರುವ ಸೀಮೆಯಲ್ಲಿ ಕರೀಮುನ್ನಿಸಾಳ ಮಗ ಚಂದ್ರಾಮನಾಗಿದ್ದರೆ ಅದರಲ್ಲಿ ಅಂಥ ವಿಶೇಷವೇನು ಎಂದು ಮುಂದೆ ಸಾಗಿದರು. ತಾಯಿಯದೂ, ಅಫಜಲಪುರದಿಂದ ಬಂದ ಮಿನಾಜಳದೂ, ಚಂದ್ರಾಮನದೂ ರಕ್ತ ಪರೀಕ್ಷೆಗೆ ಹೋಯಿತು. ಸೂಜಿ ಎಂದರೆ ಚಂದ್ರಾಮನಿಗೆ ಜೀವ ಹೋದಷ್ಟು ಭಯ. ಕಣ್ಣು ಮುಚ್ಚಿ ಜೇವರ್ಗಿಯಿಂದ ಯಡ್ರಾಮಿವರೆಗಿನ ಸ್ಟಾಪುಗಳನ್ನೆಲ್ಲ ಕೂಗುತ್ತ ಕೊಟ್ಟ. ಹೊರಬಂದು, ‘ನಂದ ಹೊಂದ್ತದ. ನನಗ ಗೊತ್ತದ. ಮಿನಾಜ ಆಮ್ಯಾಲೆ ಹುಟ್ಟಿದಕಿ, ನಾವಿಬ್ಬರೂ ಕೂಡೇ ಕುಡದವರು’ ಎಂದ.

ವರದಿ ಬಂದ ದಿನ ಡಾಕ್ಟರು ಕರೀಮುನ್ನಿಸಾಳನ್ನು ಒಳಗೆ ಕರೆದರು. ಅವಳು ನನ್ನನ್ನೂ ಎಳೆದುಕೊಂಡು ಹೋದಳು. ಡಾಕ್ಟರು ಬಾಗಿಲು ಹಾಕಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಒರೆಸಿದರು.

‘ಮಿನಾಜಂದು ಪೂರಾ ಹೊಂದ್ಯಾದ. ಅದು ಛಲೋ ಸುದ್ದಿ. ಚಂದ್ರಾಮಂದು... ಅಮ್ಮಾ, ತಪ್ಪು ತಿಳ್ಕೋಬ್ಯಾಡ್ರಿ. ಇದು ನಿಮ್ಮ ಮನಿ ಮಾತು, ಈ ಖೋಲಿ ಬಿಟ್ಟು ಹೊರಗ ಹೋಗಂಗಿಲ್ಲ. ಹೊಟ್ಟಿಲೆ ಹುಟ್ಟಿದ ಮಗನ ರಕ್ತದಾಗ ತಾಯಿದು ಅರ್ಧ ಗುರುತು ಇರಲೇಬೇಕು. ಇವನದರಾಗ ನಿಮ್ಮದು ಒಂದೂ ಇಲ್ಲ. ಹೆರಿಗಿ ಆದಾಗ ಕೂಸು ಏನರ ಅದಲುಬದಲು ಆಗಿತ್ತೇನು?’

‘ಹೊಟ್ಟಿಲೆ ಹುಟ್ಟ್ಯಾನಂತ ನಿಮಗ ಯಾರು ಹೇಳಿದ್ರು?’ ಎಂದಳು ಕರೀಮುನ್ನಿಸಾ. ‘ಹೊಟ್ಟಿ ನಿಂಬೆವ್ವಂದು. ಹಾಲು ನಂದು.’

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ. ಪ್ರಪಂಚದ ಯಾವ ಊರಿನವರೂ ಮಾಡದ ತಪ್ಪನ್ನು ಮಾಡಿ, ಅದನ್ನು ತಪ್ಪೆಂದೂ ತಿಳಿಯದೆ ನೆಟ್ಟಗೆ ಕುಳಿತಿದ್ದಳು ಆ ಪುಣ್ಯಾತ್ಗಿತ್ತಿ. ಡಾಕ್ಟರು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ‘ನೀವು ಕೇಳಲಿಲ್ಲ’ ಎಂದಳು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ, ಬಾಯಿಗೆ ಸೆರಗು ಒತ್ತಿಕೊಂಡರು.

ನಗಲಾರದವನು ಚಂದ್ರಾಮ ಒಬ್ಬನೇ. ವಿಷಯ ತಿಳಿದದ್ದೇ ಒಳಗೆ ನುಗ್ಗಿ, ಡಾಕ್ಟರ ಮೇಜಿನ ಮುಂದೆ ನಿಂತು ವಾದಕ್ಕೆ ಇಳಿದ. ‘ನಿಮ್ಮ ಮಿಷಿನ್ ರಕ್ತ ಅಷ್ಟ ನೋಡ್ಯಾದ್ರಿ, ಹಾಲು ಎಲ್ಲಿ ನೋಡ್ಯಾದ? ರಕ್ತ ಆಗೂದು ಯಾತರಿಂದ? ಕುಡದ ಹಾಲಿನಿಂದ. ಇನ್ನೊಮ್ಮೆ ಹಾಕಿ ನೋಡ್ರಿ.’ ಟಂಟಂ ಶುರುವಾಗದಿದ್ದರೆ ನಾಲ್ಕು ಸಲ ಹ್ಯಾಂಡಲ್ ಎಳೆದು ನೋಡುವವನಿಗೆ ಒಂದೇ ಸಲಕ್ಕೆ ಇಲ್ಲ ಎನ್ನುವ ಯಂತ್ರದ ಮೇಲೆ ಭರವಸೆ ಬರುವುದಾದರೂ ಹೇಗೆ? ಊರಿಗೆ ಬಂದ ಮೇಲೆ ಯಡ್ರಾಮಿಯವರೆಗೆ ಬಾಯಿ ಬಿಡದೆ ಗಾಡಿ ಓಡಿಸಿದ. ಪ್ರಯಾಣಿಕರು ಗಾಬರಿಯಾಗಿ ನನ್ನ ಅಂಗಡಿಗೆ ಬಂದು, ಅವನಿಗೇನು ಹುಷಾರಿಲ್ಲವೇ ಎಂದು ವಿಚಾರಿಸಿದರು.

ನಿಂಬೆವ್ವ ಮಾತ್ರ ವಾದಿಸಲಿಲ್ಲ. ಬಿಪಿ ಗುಳಿಗೆಗೆ ಬಂದವಳು ಮೆಟ್ಟಿಲ ಮೇಲೆ ಕುಳಿತು, ‘ಇಷ್ಟು ವರ್ಷದಾಗ ಒಮ್ಮೆ ಆಕಿ ಮನಿಗಿ ನಮ್ಮಿಂದ ಏನರ ಬೇಕಾಗಿತ್ತು ಗುರುನಾಥ. ನಮ್ಮ ಹಂತೇಕ ಇದ್ದದ್ದು ಕೆಲಸಕ್ಕ ಬರಲಿಲ್ಲ’ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನ್ನ ಅಂಗಡಿಯಲ್ಲಿ ಅದಕ್ಕೆ ಔಷಧ ಇರಲಿಲ್ಲ. ಗುಳಿಗೆ ಕಟ್ಟಿಕೊಟ್ಟೆ.

ನಾವೆಲ್ಲ ಮತ್ತೆ ಹೈದರಾಬಾದಿಗೆ ಹೋದೆವು, ಅಲ್ಲಿ ಮಿನಾಜಳಿಗೆ ದಿನಾ ಇಂಜೆಕ್ಷನ್ ಶುರುವಾಯಿತು. ಎಲುಬಿನ ಮಜ್ಜೆಯೊಳಗೆ ಕುಳಿತ ಕಾಂಡಕೋಶಗಳು ರಕ್ತಕ್ಕೆ ಇಳಿಯಬೇಕಲ್ಲ, ಅದಕ್ಕೆ. ಸೊನ್ನದ ಬ್ಯಾರೇಜಿನ ಗೇಟು ತೆಗೆದು ನೀರು ಬಿಟ್ಟಂತೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಮಿನಾಜಳ ಸೊಂಟ, ತೊಡೆ, ಬೆನ್ನಿನ ಎಲುಬೆಲ್ಲ ನೋಯತೊಡಗಿತು. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು, ಈಗ ಕೇಳಬೇಕೆ! ‘ನೋಯೂದು ಛಲೋ, ಔಷಧ ಹತ್ತಾಕತ್ತದ’ ಎಂದ ಚಂದ್ರಾಮನಿಗೆ, ‘ಹಂಗಾರ ಒಂದು ಇಂಜೆಕ್ಷನ್ ನೀ ತಗೊ ಬಾ’ ಎಂದಳು. ಅವನು ವರಾಂಡದ ಆಚೆ ತುದಿಗೆ ಹೋಗಿ ನಿಂತ.

ಕಾಂಡಕೋಶ ಸಂಗ್ರಹಿಸುವ ದಿನ ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದದ್ದು ಚೀಲದಲ್ಲಿ ಉಳಿದು, ಮಿಕ್ಕದ್ದು ಇನ್ನೊಂದು ಕೈಗೆ ವಾಪಸು ಬರುತ್ತಿತ್ತು. ಅಷ್ಟರಲ್ಲಿ ನರ್ಸ್ ಬೇರೊಂದು ಸಣ್ಣ ನಳಿಕೆಯಲ್ಲಿ ರಕ್ತ ತುಂಬಿಕೊಂಡಳು. ಚಂದ್ರಾಮ ಅಡ್ಡ ನಿಂತ. ‘ಇದು ಯಾರ ಪಾಲಿಂದು?’

ಮಿನಾಜ ಒಪ್ಪಿಯೇ ಕೊಟ್ಟದ್ದು, ತಮ್ಮದೊಂದು ಸಂಶೋಧನೆಗೆ ಎಂದರು ಡಾಕ್ಟರು. ಅವನು ಜಾಗ ಬಿಡದಿದ್ದಾಗ ತಾಳ್ಮೆಯಿಂದ ಹೇಳಿದರು: ‘ನಮ್ಮ ಮೈಯಾಗಿನ ಕಣಗಳು ತಮ್ಮ ಮೈಮ್ಯಾಗಿಂದ ಬಾಳ ಸಣ್ಣ ಸಣ್ಣ ಗುಳ್ಳಿ ಉದುರಿಸ್ತಾವ. ಮೊದಲಿನವ್ರು ಇದು ಬರೇ ಧೂಳು ಅಂತ ಬಿಟ್ಟಿದ್ದರು. ಈಗ ನೋಡಿದ್ರ ಆ ಗುಳ್ಳಿಯೊಳಗ ಸುದ್ದಿ ಇರ್ತದ. ಒಂದು ಕಣದಿಂದ ಹೊಂಟು ಇನ್ನೊಂದಕ್ಕ ಹೋಗಿ ಅಂಟ್ತಾವ, ಹಿಂಗ ಮಾಡು, ಹಂಗ ಮಾಡು ಅಂತ ಹೇಳ್ತಾವ. ಕಾಂಡಕೋಶ ಎಲುಬು ಬಿಟ್ಟು ಹೊರಗ ಬರೂದರಾಗ ಇವುಗಳ ಕೈ ಎಷ್ಟದ ಅಂತ ನೋಡಾಕತ್ತೇವಿ.’

‘ಅಂದ್ರ ಧೂಳಿನ ಕೈಯಾಗ ಸುದ್ದಿ ಕಳಸ್ತಾವ?’ ಎಂದು ಕೇಳಿ, ತೃಪ್ತನಾಗಿ ದಾರಿ ಬಿಟ್ಟ. ಯಡ್ರಾಮಿ ರಸ್ತೆಯಲ್ಲಿ ಧೂಳು ಮತ್ತು ಸುದ್ದಿ ಎರಡನ್ನೂ ಸಾಗಿಸುವವನಿಗೆ ಇದು ತಿಳಿಯದ ಮಾತಲ್ಲ.

ಮಿನಾಜಳ ಚೀಲದಲ್ಲಿದ್ದದ್ದು ಮುಜೀಬನ ಮೈಗೆ ಇಳಿಯಿತು. ಆಮೇಲೆ ಕಾಯುವುದು. ಅವನ ಹಳೆಯ ಮಜ್ಜೆಯನ್ನು ಔಷಧದಿಂದ ಸುಟ್ಟಿದ್ದರು. ಹೊಸದು ಎಲುಬಿನೊಳಗೆ ಬೇರು ಬಿಡಬೇಕು, ಬಿಡುವವರೆಗೆ ಅವನದೆನ್ನುವ ರಕ್ತವೇ ಇಲ್ಲ. ಗಾಜಿನ ಕೋಣೆಯಲ್ಲಿ ಒಣಗಿದ ಹುರುಳಿಯಷ್ಟಾಗಿ ಮಲಗಿದ್ದ. ಒಂದು ಬೆಳಿಗ್ಗೆ ಒಸಡಿನಿಂದ ರಕ್ತ ಬರತೊಡಗಿ ನಿಲ್ಲಲಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ತಳ ಕಂಡಿದೆ, ಇವತ್ತೇ ಬೇಕು, ಅವನ ರಕ್ತದ ಗುಂಪಿನವರನ್ನು ಕರೆತನ್ನಿ ಎಂದರು. ಆ ಪರವೂರಿನಲ್ಲಿ ನಮಗೆ ಗೊತ್ತಿದ್ದವನು ಚಹಾದಂಗಡಿಯವನೊಬ್ಬನೇ. ನನ್ನದು ಬೇರೆ ಗುಂಪು, ವಯಸ್ಸೂ ಮೀರಿತ್ತು. ಚಂದ್ರಾಮನದು ಬಿ ಪಾಸಿಟಿವ್, ಮುಜೀಬನದೂ ಅದೇ. ‘ಒಂದರ ಹೊಂದಿತಲ್ಲ’ ಎಂದವನೇ ಸೂಜಿಯ ಭಯವನ್ನೂ ಮರೆತು ರಕ್ತನಿಧಿಯ ಕಡೆ ಓಡಿದ.

ಅಲ್ಲಿಯ ಹುಡುಗಿ ರೋಗಿ ನಿಮಗೇನಾಗಬೇಕು ಎಂದು ಕೇಳಿದಳು: ‘ಪೇಷಂಟ್ ಆಪ್ ಕೋ ಕ್ಯಾ ಲಗ್ತೇ?’

‘ಸಗಾ ಭಾಯಿ’ ಎಂದ, ಎದೆಯುಬ್ಬಿಸಿ. ಸ್ವಂತ ಅಣ್ಣ.

ಹುಡುಗಿ ಪೆನ್ನು ಕೆಳಗಿಟ್ಟಳು. ಇಂಥ ರೋಗಿಗೆ ಸ್ವಂತ ರಕ್ತಸಂಬಂಧಿಗಳದನ್ನು ನಾವು ತೆಗೆದುಕೊಳ್ಳುವುದಿಲ್ಲ, ಅದರಿಂದ ಅಪಾಯವಿದೆ, ಹೊರಗಿನವರು ಯಾರಾದರೂ ಇದ್ದರೆ ಕಳಿಸಿ ಎಂದಳು.

ಬೆಂಚಿನ ಹತ್ತಿರ ವಾಪಸು ಬಂದ ಅವನ ಮುಖ ನೋಡಬೇಕಿತ್ತು. ನನಗೆ ರೇಗಿತು. ‘ಲೇ ಮಳ್ಳ, ಹೊರಗಿನವ ಅಂತ ಹೇಳಲೇ. ಖರೇನ ಅದು. ಕೆಲಸ ಮುಗೀತದ’ ಎಂದೆ.

‘ಹ್ಯಾಂಗ ಹೇಳ್ಲಿ ಗುರಣ್ಣ?’ ದನಿ ಇಳಿಸಿದ. ‘ಅಮ್ಮಿ ಇಲ್ಲೇ ಕುಂತಾಳ.’

ಕರೀಮುನ್ನಿಸಾ ತಸಬಿಯ ಮಣಿ ಎಣಿಸುತ್ತಿದ್ದವಳು ತಲೆ ಎತ್ತದೆ ಅಂದಳು: ‘ಹೋಗಿ ಹೇಳೋ. ಬಾಯಿಲೆ ಅಲ್ಲ ಅಂದ್ರ ಕುಡದ ಹಾಲು ವಾಪಸ್ ಬರ್ತದೇನು?’

ಮತ್ತೆ ಹೋದ. ನಾನೂ ಹಿಂದೆ ಹೋದೆ, ಎಲ್ಲಿ ಮತ್ತೆ ಎಡವಟ್ಟು ಮಾಡುತ್ತಾನೋ ಎಂದು. ಹುಡುಗಿ ಅದೇ ಪ್ರಶ್ನೆ ಕೇಳಿದಳು. ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಅವನ ಬಾಯಿ ಮುಚ್ಚಿಸಲು ಪೊಲೀಸರಿಗೂ ಆಗಿಲ್ಲ. ಅಂಥವನು ‘ಮುಜೀಬ ನನಗ...’ ಎಂದು ನಿಂತ. ಅವಳು ಮತ್ತೆ ಕೇಳಿದಳು. ‘ಕೋಯಿ ನಹೀ’ ಎಂದ. ಯಾರೂ ಅಲ್ಲ. ಹೇಳಿದ್ದೇ ತಡ, ಕಣ್ಣಲ್ಲಿ ದಳದಳ ನೀರು. ಸೂಜಿಗೆ ಹೆದರಿದ್ದಾನೆಂದು ತಿಳಿದು ಹುಡುಗಿ ಇರುವೆ ಕಚ್ಚಿದಷ್ಟೇ ನೋವು ಎಂದು ಧೈರ್ಯ ಹೇಳಿದಳು.

ಆದರೆ ಈಗ ಅವಳಿಗೇ ಅನುಮಾನ. ಆಗ ಸ್ವಂತ ಅಣ್ಣ, ಈಗ ಯಾರೂ ಅಲ್ಲ. ಇವನ ಮಾತು ನಂಬುವುದು ಹೇಗೆ? ಡಾಕ್ಟರ್ ಜಯಮಾಲಾಗೆ ಫೋನು ಮಾಡಿದಳು. ಅವರು ಖುದ್ದಾಗಿ ಇಳಿದು ಬಂದು ಅವಳಿಗೆ ಅವರ ಭಾಷೆಯಲ್ಲಿ ಏನೋ ಹೇಳಿ, ನಮ್ಮ ಕಡೆ ತಿರುಗಿದರು. ‘ರೋಗಿಗೂ ತನಗೂ ಸಂಬಂಧ ಇಲ್ಲ ಅನ್ನೂದಕ್ಕ ಇವನಷ್ಟು ಪಕ್ಕಾ ಪುರಾವಿ ಈ ದವಾಖಾನ್ಯಾಗ ಇನ್ಯಾರಿಗೂ ಇಲ್ಲ. ಪರೀಕ್ಷಾ ನಾನ ಮಾಡ್ಸೀನಿ.’

ಎಲ್ಲ ಸರಿಯಿದೆಯೆಂದು ತಪಾಸಣೆ ಮಾಡಿ ಯಂತ್ರಕ್ಕೆ ಜೋಡಿಸಿದರು. ಚಂದ್ರಾಮ ಸೂರು ನೋಡುತ್ತ ಮಲಗಿದ. ಒಂದು ಸ್ಟಾಪಿನ ಹೆಸರನ್ನೂ ಕೂಗಲಿಲ್ಲ. ಅವನನ್ನು ಹಾಗೆ ನೋಡಲಾರದೆಯೋ ಏನೋ, ಡಾಕ್ಟರು ಸ್ಟೂಲು ಎಳೆದು ಕುಳಿತರು. ‘ಚಂದ್ರಾಮ, ಆ ಧೂಳಿನ ಮಾತು ಹೇಳಿದ್ನಲ್ಲ, ರಕ್ತದಾಗ ಅದನ್ನ ಎಲ್ಲಾರಕಿಂತ ಹೆಚ್ಚು ಉದುರಿಸೂದು ಯಾವುದು ಗೊತ್ತೇನು? ನೀ ಈಗ ಕೊಡಾಕತ್ತೀಯಲ್ಲ, ಇದ ಪ್ಲೇಟ್‌ಲೆಟ್. ಇದರ ಧೂಳು ಹೋಗಿ ಕಾಂಡಕೋಶದ ಮೈಗೆ ಅಂಟಿಕೊಂಡ್ರ, ಅವು ಎಲುಬಿನ ಮನಿಯೊಳಗ ಛಲೋತ್ನಾಗ ತಳ ಊರ್ತಾವ ಅಂತ ಪ್ರಯೋಗದಾಗ ನೋಡ್ಯಾರ. ಆದ್ರ ಅದು ಪ್ರಯೋಗದ ಮಾತು. ಮುಜೀಬನ ಮೈಯಾಗ ಹಂಗ ಆಗ್ತದಂತ ನಾ ಹೇಳಂಗಿಲ್ಲ.’

ಮಾತಿನ ಮೊದಲರ್ಧಕ್ಕೆ ಚಂದ್ರಾಮ ತಲೆಯೆತ್ತಿದ್ದ. ಉಳಿದರ್ಧ ಅವನ ಕಿವಿಗೆ ಬೀಳಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ‘ಅಂದ್ರ ಮಿನಾಜಂದು ಹೋಗಿ ಬಾಗಲದಾಗ ನಿಂತದ. ನಂದು ಹೋಗಿ ಒಳಗ ಕರಕೊಂಡು ಕುಂಡ್ರಸ್ತದ’ ಎಂದು ಶುರು ಮಾಡಿದವನು ಯಂತ್ರ ನಿಲ್ಲುವವರೆಗೆ ಬಾಯಿ ಮುಚ್ಚಲಿಲ್ಲ. ನರ್ಸ್ ಬಂದು ಸ್ವಲ್ಪ ಸುಮ್ಮನಿರಿ ಎಂದು ಎರಡು ಸಲ ಕೇಳಿಕೊಂಡಳು.

ಒಸಡಿನ ರಕ್ತ ಸಂಜೆಗೆ ನಿಂತಿತು. ಅದಂತೂ ಚಂದ್ರಾಮನದೇ ಪ್ರತಾಪ, ಅದರಲ್ಲಿ ವಾದವಿಲ್ಲ. ಮುಂದೆ ಬಿಳಿಕಣಗಳ ಎಣಿಕೆ ನಿಧಾನವಾಗಿ ಏರತೊಡಗಿ, ಹೊಸ ಮಜ್ಜೆ ಹಿಡಿಯಿತು ಎಂದು ಡಾಕ್ಟರು ಹೇಳಿದ ದಿನ ವರಾಂಡದಲ್ಲಿ ದೊಡ್ಡ ಜಗಳವಾಯಿತು. ಮುಜೀಬನನ್ನು ಉಳಿಸಿದ್ದು ತನ್ನ ಧೂಳು ಎಂದು ಚಂದ್ರಾಮ. ‘ಎಲುಬು ಮುರದಂಗ ನೊಂದಾಕಿ ನಾನು. ಧೂಳು ಹಾರ್ಸಿ ಹೆಸರು ತಗೊಳ್ಳಾಕ ನೀ ಬಂದಿ ಏನಲೇ’ ಎಂದು ಮಿನಾಜ. ಕರೀಮುನ್ನಿಸಾ ಇಬ್ಬರ ಬೆನ್ನಿಗೂ ಒಂದೊಂದು ಗುದ್ದಿದಳು. ನಗುನಗುತ್ತ ಗುದ್ದಿದಳು, ಆಮೇಲೆ ಗೋಡೆಗೆ ಮುಖ ಮಾಡಿ ಗಳಗಳ ಅತ್ತಳು. ಇಷ್ಟು ದಿನ ಅವಳು ಅತ್ತದ್ದನ್ನು ನಾವು ಯಾರೂ ನೋಡಿರಲಿಲ್ಲ.

ಮುಜೀಬ ಈಗ ಊರಲ್ಲಿದ್ದಾನೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಕೂರುತ್ತಾನೆ, ಯಾರಾದರೂ ಟ್ರ್ಯಾಕ್ಟರ್ ತಂದರೆ ಕುಳಿತಲ್ಲಿಂದಲೇ ಸದ್ದು ಕೇಳಿ ರೋಗ ಹೇಳುತ್ತಾನೆ. ತಪಾಸಣೆಗೆ ಹೈದರಾಬಾದಿಗೆ ಹೋಗಿ ಬರುವುದು ಇನ್ನೂ ಇದೆ. ಗೋಡೆಯ ಮೇಲೆ ಪುಟ್ಟಿಗಳು ಹೋಗಿ ಬರುವುದೂ ನಿಂತಿಲ್ಲ.

ಹೋದ ವಾರ ನಿಂಬೆವ್ವ ಬಿಪಿ ಗುಳಿಗೆಗೆ ಬಂದಳು. ಹೊರಗೆ ಚಂದ್ರಾಮ ತುಂಬಿದ ಟಂಟಂನಲ್ಲಿ ಕುಳಿತವರಿಗೆ ತನ್ನ ಧೂಳು ಮುಜೀಬನ ಎಲುಬಿನೊಳಗೆ ಮನೆ ಕಟ್ಟಿಸಿದ ಕಥೆ ಹೇಳುತ್ತಿದ್ದ. ನಿಂಬೆವ್ವ ಕೌಂಟರಿನ ಮೇಲೆ ಬಾಗಿ ಪಿಸುದನಿಯಲ್ಲಿ ಕೇಳಿದಳು. ‘ಅವನ ಮಾತು ಬಿಡು, ಅವ ಹುಟ್ಟಾ ಸುಳ್ಳ. ನೀ ಖರೆ ಹೇಳು ಗುರುನಾಥ. ನನ್ನ ಹೊಟ್ಟ್ಯಾಗ ಆದ ರಕ್ತ ಅಲ್ಲೇನು ಅವಂದು? ಅದು ಮುಜೀಬನ ಮೈಯಾಗ ಹೋಗ್ಯಾದ, ಹೌದಿಲ್ಲೊ?’

ಧೂಳಿನ ವಿಷಯ ನನಗೆ ಗೊತ್ತಿಲ್ಲ. ಆ ದಿನ ರಕ್ತ ನಿಂತದ್ದನ್ನು ಕಣ್ಣಾರೆ ಕಂಡಿದ್ದೆ. ‘ಹೌದಬೇ ಯವ್ವಾ, ಹೋಗ್ಯಾದ’ ಎಂದೆ. ‘ಕರೀಮುನ್ನಿಸಾಗ ಹೇಳಬೇಕು ನೀ ಇದನ್ನ. ನಾ ಹೇಳ್ಲೇನು?’

ಅವಳು ಗುಳಿಗೆಯ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

‘ಬ್ಯಾಡ’ ಎಂದಳು. ‘ನನ್ನ ಮಗಗ ಹಾಲು ಕೊಟ್ಟೇನಿ ಅಂತ ಆಕಿ ಒಂದು ದಿನ ನನ್ನ ಮುಂದ ಬಾಯಿ ಬಿಟ್ಟು ಅಂದಿಲ್ಲ. ನಾನೂ ಅನ್ನಂಗಿಲ್ಲ.’